ಅರಗಿನ ತಟ್ಟೆಗಳ ಶುಶ್ರೂಷೆ

ಹಿರೋಡೆಯೆಂದೂ, ಹೈದರ್–ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚರ ಬೀಡಾಗಿದ್ದುದರಿಂದ ಫ್ರೆಂಚ್ ರಾಕ್ಸ್ ಎಂದೂ ಕರೆಸಿಕೊಂಡು, ಕಡೆಗೆ ಕುಂತಿಬೆಟ್ಟದ ಐತಿಹ್ಯದ ಬಲದಿಂದ ಪಾಂಡವಪುರವೆಂಬ ಪುಣ್ಯನಾಮದಲ್ಲಿ ನೆಲೆನಿಂತ ನಮ್ಮೂರಿನಲ್ಲಿ, ಅರಗಿನ ಮನೆಯಿಂದ ಪಾರಾದವರ ಹೆಸರು ಹೊತ್ತ ನೆಲದಲ್ಲಿ, ಅರಗಿನ ತಟ್ಟೆಗಳನ್ನು ಕಾಪಾಡುವ ವಿದ್ಯೆಯನ್ನು ಬೋಧಿಸುವ ಯೋಗ ನನ್ನ ಪಾಲಿಗೆ ಬಂದೀತೆಂದು ನಾನು ಎಣಿಸಿರಲಿಲ್ಲ.

ಶಿಷ್ಯರು ಐವರು, ಸಂಖ್ಯೆ ನಾನು ಕಲ್ಪಿಸಿದ್ದಲ್ಲ. ತಾತಂದಿರ ಅಟ್ಟದಿಂದ ಇಳಿಸಿದ ಗ್ರಾಮಫೋನ್ ತಟ್ಟೆಗಳನ್ನು ಗೋಣಿಚೀಲದಲ್ಲಿ ತುಂಬಿ, ಆಲೆಮನೆಗೆ ಕಬ್ಬು ಹೊರುವವರ ಉತ್ಸಾಹದಿಂದ ಹೊತ್ತು ತಂದು, ನನ್ನ ಜಗಲಿಯ ಮೇಲೆ ದಡಾರನೆ ಇಳುಹಿದರು. ಒಬ್ಬನಂತೂ ಐದು ಬೆರಳುಗಳನ್ನೂ ಗೆರೆಗಳ ಮೇಲೂರಿ, ಕಾವಲಿಯಿಂದ ದೋಸೆ ಎತ್ತುವಂತೆ ಎತ್ತಿದ. ಅಂಚನ್ನೂ ನಡುವಿನ ಕಾಗದವನ್ನೂ ಬಿಟ್ಟು ಬೇರೆಲ್ಲಿಯೂ ಕೈ ತಾಗಬಾರದೆಂದೆ. ಬೆರಳಿನ ಜಿಡ್ಡಿಗೆ ಧೂಳು ಹತ್ತುತ್ತದೆ, ಆ ಧೂಳನ್ನು ಮುಳ್ಳು ಗೆರೆಯೊಳಗೆ ಕೂರಿಗೆಯಂತೆ ಬಿತ್ತಿಕೊಂಡೇ ಹೋಗುತ್ತದೆ. ಒರೆಸುವುದಾದರೂ ಸಾಲು ಹಿಡಿದೇ ಒರೆಸಬೇಕು. ಉತ್ತ ಸಾಲಿಗೆ ಅಡ್ಡ ನಡೆಯುವವನನ್ನು ಯಾವ ರೈತ ಮೆಚ್ಚುತ್ತಾನೆ?

ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆ ಅರಗಿನದು, ಕೈಜಾರಿದರೆ ಚೂರು. 1948ರಲ್ಲಿ ಅಮೆರಿಕದಲ್ಲಿ ಹೊರಬಂದ 33⅓ ಸುತ್ತಿನ ಲಾಂಗ್‌ಪ್ಲೇ ವಿನೈಲಿನದು, ಬಿದ್ದರೂ ಬದುಕೀತು, ಬಿಸಿಲಿಗೆ ಬಾಗೀತು. ಈ ಎರಡನೆಯ ಮಾತನ್ನು ಲಕ್ಷಿಸದೆ ಒಬ್ಬ ಶಿಷ್ಯ ತೊಳೆದ ತಟ್ಟೆಯನ್ನು ಯುಗಾದಿಯ ಬಿಸಿಲಿನಲ್ಲಿ ಒಣಹಾಕಿದ್ದರಿಂದ ಅದು ಹಪ್ಪಳವಾಗಿ, ಮುಳ್ಳು ಅದರ ಮೇಲೆ ತೊಣ್ಣೂರು ಕೆರೆಯ ತೆಪ್ಪದಂತೆ ಏರಿಳಿಯಿತು. ರಾಗಿಮೂಟೆಯಂತೆ ಪೇರಿಸಬೇಡಿ, ಕಬ್ಬಿನ ಜಲ್ಲೆಯಂತೆ ಒರಗಿಸಬೇಡಿ, ಪ್ರಾರ್ಥನೆಗೆ ನಿಂತ ಮಕ್ಕಳಂತೆ ನೆಟ್ಟಗೆ ನಿಲ್ಲಿಸಿರೆಂದು ನಾನು ಗಂಟಲು ಹರಿದುಕೊಂಡೆ.

ಕಡೆಯ ದಿನ ನಿರ್ಮಲೀಕರಣದ ಪ್ರಾತ್ಯಕ್ಷಿಕೆ. ನಮ್ಮ ತಂದೆಯವರ ಕಾಲದ ನಾಟಕದ ಹಾಡಿನ ತಟ್ಟೆಯನ್ನು ಮೊಣಕಾಲ ಮೇಲಿರಿಸಿ, ಹತ್ತಿಗೆ ಸ್ಪಿರಿಟ್ ಹನಿಸಿ, ಪುರೋಹಿತರ ಗಾಂಭೀರ್ಯದಿಂದ ಪ್ರದಕ್ಷಿಣಾಕಾರವಾಗಿ ಒರೆಸಿದೆ. ಹತ್ತಿ ಕಪ್ಪಗಾಯಿತು, ಎಷ್ಟೊಂದು ಕೊಳೆಯೆಂದು ಹಿಗ್ಗಿದೆ. ಆಗ ಬಡಗಿಯ ಮಗನಾದ ಕಿರಿಯ ಶಿಷ್ಯ ತಲೆ ಕೆರೆದುಕೊಳ್ಳುತ್ತ ಹೇಳಿದ: “ಮೇಷ್ಟ್ರೇ, ಅರಗು ಸ್ಪಿರಿಟ್‌ಗೆ ಕರಗೋಯ್ತದಲ್ವಾ ಸಾರ್? ನಮ್ಮಪ್ಪ ಬಾಗಿಲಿಗೆ ಪಾಲಿಷ್ ಕಲಸೋದೇ ಹಂಗೆ.”

ಹತ್ತಿಗೆ ಬಂದದ್ದು ಕೊಳೆಯಲ್ಲ, ಹಾಡು. ಐವರ ನಡುವೆ ಕುಳಿತು ಅರಗಿನ ಮನೆಗೆ ಕೊಳ್ಳಿಯಿಡಹೊರಟ ಪುರೋಚನ ನಾನೇ ಆದೆ. ಹುಡುಗರು ನಗಲಿಲ್ಲ, ನಕ್ಕಿದ್ದರೆ ಒಳ್ಳೆಯದಿತ್ತು.

ಅಟ್ಟದಲ್ಲಿ 78ರ ತಟ್ಟೆಗಳಿರುವ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಧೂಳಿಗೆ ಮೆತ್ತನೆಯ ಒಣಬಟ್ಟೆ ಸಾಕು; ಸ್ಪಿರಿಟ್ ಸೀಸೆಯನ್ನು ದಯಮಾಡಿ ಬಡಗಿಯ ಮನೆಗೆ ಕಳುಹಿಸಿಬಿಡಿ.