ವಿಜಯ್ ಮಲ್ಯ ಅವರಿಗೆ ಕುಣಿಗಲ್‌ನಿಂದ ಬಹಿರಂಗ ಪತ್ರ

ಶ್ರೀಯುತ ವಿಜಯ್ ಮಲ್ಯ ಅವರಿಗೆ,

ಇತ್ತ ಎಲ್ಲರೂ ಕ್ಷೇಮ. ಅತ್ತ ತಾವೂ ಕ್ಷೇಮವೆಂದು ಪೇಪರಿನವರು ಆಗಾಗ ತಿಳಿಸುತ್ತಿರುತ್ತಾರೆ.

ಪರಿಚಯ ಹೇಳಿಕೊಳ್ಳಬೇಕು. ನಾವು ಕುಣಿಗಲ್‌ನವರು. ಟಿಪ್ಪುವಿನ ಅಶ್ವದಳದ ಕುದುರೆಗಳು ಬೆಳೆದ ಜಾಗ ಎಂದು ಹಿರಿಯರು ಹೇಳುವ ನಮ್ಮೂರ ಕುದುರೆ ಫಾರಂ 1992ರಲ್ಲಿ 30 ವರ್ಷದ ಗುತ್ತಿಗೆಗೆ ನಿಮ್ಮ ಕಂಪನಿಯ ಕೈ ಸೇರಿತಲ್ಲ, ಅದೇ ಕುಣಿಗಲ್. ಸಾಲದ್ದಕ್ಕೆ ಕರ್ನಾಟಕದಿಂದ ಎರಡು ಸಲ ರಾಜ್ಯಸಭೆಗೆ ಹೋದವರು ನೀವು. ಹಾಗಾಗಿ ಹಳೆಯ ಸಲುಗೆಯಲ್ಲಿ ಬರೆಯುತ್ತಿದ್ದೇನೆ. ಬ್ಯಾಂಕಿನ ವಿಷಯ ಎತ್ತುವುದಿಲ್ಲ, ಅದಕ್ಕೆ ಬೇರೆ ಜನ ಬೇಕಾದಷ್ಟಿದ್ದಾರೆ. ನನ್ನ ವಿಷಯ 2018ರ ಫಾರ್ಮುಲಾ ಒನ್ ಸೀಸನ್.

ಕುದುರೆ ಓಡುವುದನ್ನು ಕಂಡ ಊರಿಗೆ ಕಾರು ಓಡುವುದರಲ್ಲಿ ಆಸಕ್ತಿ ಹುಟ್ಟಿಸಿದ್ದು ನೀವೇ. 2009ರ ಆಗಸ್ಟ್ 30, ಬೆಲ್ಜಿಯಂನ ಸ್ಪಾ. ಅಲ್ಲಿಯವರೆಗೆ ಒಂದೇ ಒಂದು ಪಾಯಿಂಟ್ ಕಾಣದ ನಿಮ್ಮ ಫೋರ್ಸ್ ಇಂಡಿಯಾ ತಂಡದ ಫಿಸಿಕೆಲ್ಲಾ ಎಲ್ಲರಿಗಿಂತ ಮುಂದೆ ನಿಂತು ರೇಸ್ ಶುರು ಮಾಡಿದರು. ಸೇಫ್ಟಿ ಕಾರು ಬದಿಗೆ ಸರಿದದ್ದೇ ತಡ, ಫೆರಾರಿಯ ರೈಕೊನೆನ್ ಬ್ಯಾಟರಿ ಬಲದಿಂದ ನೇರ ರಸ್ತೆಯಲ್ಲಿ ಹಿಂದಿಕ್ಕಿಬಿಟ್ಟರು. ಆಮೇಲೆ ಕೊನೆಯವರೆಗೂ ಫಿಸಿಕೆಲ್ಲಾ ಬೆನ್ನು ಬಿಡಲಿಲ್ಲ. ಸೋತದ್ದು ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ. ಮುಂದಿನ ರೇಸಿಗೆ ಅದೇ ಫೆರಾರಿ ಅವರನ್ನು ಕರೆದುಕೊಂಡು ಹೋಯಿತು, ಇರಲಿ. 2016 ಮತ್ತು 2017ರಲ್ಲಿ ನಿಮ್ಮ ತಂಡ ನಾಲ್ಕನೆಯ ಸ್ಥಾನಕ್ಕೆ ಏರಿತು. ದುಡ್ಡಿರುವ ಮರ್ಸಿಡಿಸ್, ಫೆರಾರಿ, ರೆಡ್ ಬುಲ್ ಬಿಟ್ಟರೆ ನೀವೇ. ವ್ಯಂಗ್ಯವಿಲ್ಲದೆ ಹೇಳುತ್ತೇನೆ, ಅದು ದೊಡ್ಡ ಕೆಲಸ.

ಇನ್ನು 2018. ಏಪ್ರಿಲ್‌ನಲ್ಲಿ ಬಾಕುವಿನಲ್ಲಿ ಸೆರ್ಜಿಯೋ ಪೆರೆಜ್ ಮೂರನೆಯವರಾಗಿ ಪೋಡಿಯಂ ಹತ್ತಿದರು. ತಂಡದ ಮುಖ್ಯಸ್ಥರಾದ ನೀವು ಅಲ್ಲಿರಲಿಲ್ಲ. ಪಾಸ್‌ಪೋರ್ಟ್ 2016ರಲ್ಲೇ ರದ್ದಾಗಿತ್ತು. ತಂಡ ಲೋಕವೆಲ್ಲ ಸುತ್ತಿದರೂ ನೀವು ಕಣ್ಣಾರೆ ನೋಡಬಹುದಾಗಿದ್ದದ್ದು ನೀವಿದ್ದ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ರೇಸ್ ಒಂದನ್ನೇ. ನಮ್ಮ ಪಕ್ಕದ ಗುಬ್ಬಿಯ ವೀರಣ್ಣನವರು 1934ರಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿದ್ದರು. ಕಂಪನಿಯ ಮಾಲೀಕರಾಗಿದ್ದೂ ತಾವೇ ಬಣ್ಣ ಹಚ್ಚಿ ಜನರನ್ನು ನಗಿಸುತ್ತಿದ್ದರು. ಕಂಪನಿಯೆಲ್ಲ ಬಂದು ಮಾಲೀಕರೊಬ್ಬರೇ ಬಾರದ ಕ್ಯಾಂಪನ್ನು ಗುಬ್ಬಿಯವರು ಕಂಡವರಲ್ಲ.

ಜುಲೈ 27, ಹಂಗೆರಿ ರೇಸಿನ ಶುಕ್ರವಾರ. ನಿಮ್ಮ ತಂಡ ಲಂಡನ್ ಹೈಕೋರ್ಟಿನ ಆದೇಶದಂತೆ ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ಅರ್ಜಿ ಹಾಕಿದವರು ಯಾರು? ನಿಮ್ಮ ಕಾರನ್ನೇ ಓಡಿಸುತ್ತಿದ್ದ ಪೆರೆಜ್. ಅವರಿಗೇ ತಂಡದಿಂದ ಹಣ ಬರಬೇಕಿತ್ತು. ಇನ್ನೊಬ್ಬರು ಹಾಕಿದ್ದ ಅರ್ಜಿಯಿಂದ ತಂಡವೇ ಮುಚ್ಚಿಹೋಗುವುದಿತ್ತು, ಕೆಲಸಗಾರರನ್ನು ಉಳಿಸಲು ಹೀಗೆ ಮಾಡಬೇಕಾಯಿತು ಎಂದು ಆಮೇಲೆ ಹೇಳಿದರು. ವಾರದ ದಿನಗಳಲ್ಲಿ ಕೋರ್ಟು, ವಾರದ ಕೊನೆಯಲ್ಲಿ ಅದೇ ತಂಡಕ್ಕೆ ರೇಸು. ಇಂಥ ನೌಕರ ಎಷ್ಟು ಜನ ಮಾಲೀಕರಿಗೆ ಸಿಗುತ್ತಾರೆ ಸ್ವಾಮಿ?

ಕೆನಡಾದ ಶ್ರೀಮಂತ ಲಾರೆನ್ಸ್ ಸ್ಟ್ರೋಲ್ ಮತ್ತು ಸಂಗಡಿಗರು ತಂಡ ಕೊಳ್ಳಲು ಬಂದರು. ಆದರೆ ಷೇರು ಕೊಳ್ಳುವಂತಿಲ್ಲ. ಯಾಕೆಂದರೆ ಅವುಗಳ ಮೇಲೆ ಭಾರತದ ಬ್ಯಾಂಕುಗಳ ತಡೆ ಇತ್ತು. ನೋಡಿ, ಎತ್ತುವುದಿಲ್ಲ ಎಂದಿದ್ದೆ, ತಾನಾಗಿಯೇ ಬಂತು! ಕಡೆಗೆ ಕಾರು, ಕಾರ್ಖಾನೆ, ಜನ ಇಷ್ಟನ್ನು ಕೊಂಡು ‘ರೇಸಿಂಗ್ ಪಾಯಿಂಟ್’ ಎಂಬ ಹೊಸ ತಂಡ ಕಟ್ಟಿದರು. ಹೊಸ ತಂಡ ಎಂದ ಮೇಲೆ ಹಳೆಯ ಲೆಕ್ಕ ನಡೆಯದು. 12 ರೇಸಿನಲ್ಲಿ ದುಡಿದು ಗಳಿಸಿದ್ದ 59 ಪಾಯಿಂಟ್ ಪಟ್ಟಿಯಿಂದ ಮಾಯ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಅಂಗಡಿ ಕೈ ಬದಲಾದರೆ ಗಿರಾಕಿಗಳು ಹಳೆಯ ಉದ್ರಿ ಪುಸ್ತಕ ಹೊಸ ಮಾಲೀಕನ ಕಣ್ಣಿಗೆ ಬೀಳದಿರಲಿ ಎಂದು ದೇವರಿಗೆ ಹರಕೆ ಹೊರುತ್ತಾರೆ. ನಿಮ್ಮಲ್ಲಿ ಉಲ್ಟಾ ಆಯಿತು: ಸಾಲವೆಲ್ಲ ಪೂರ್ತಿ ಚುಕ್ತಾ ಆಗುತ್ತದೆಂದು ಆಡಳಿತಾಧಿಕಾರಿಗಳು ಸಾರಿದರು, ಗಳಿಸಿದ್ದು ಮಾತ್ರ ಸೊನ್ನೆ.

ತಮಾಷೆ ಎಂದರೆ ಸೊನ್ನೆಯಿಂದ ಶುರುವಾದ ಜಾಗವೂ ಅದೇ ಸ್ಪಾ. ತಂಡದ ಇನ್ನೊಬ್ಬ ಚಾಲಕ ಒಕಾನ್ ಮೂರನೆಯ, ಪೆರೆಜ್ ನಾಲ್ಕನೆಯ ಜಾಗದಿಂದ ಹೊರಟು, ಪೆರೆಜ್ ಐದಕ್ಕೆ, ಒಕಾನ್ ಆರಕ್ಕೆ ಮುಗಿಸಿದರು. ಉಳಿದ 9 ರೇಸಿನಲ್ಲಿ ಒಟ್ಟು 52 ಪಾಯಿಂಟ್, ಏಳನೆಯ ಸ್ಥಾನ. 59 ಉಳಿದಿದ್ದರೆ 111 ಆಗಿ ಐದನೆಯ ಸ್ಥಾನ ಸಿಗುತ್ತಿತ್ತು.

ಸಿಲ್ವರ್‌ಸ್ಟೋನ್ ಕಾರ್ಖಾನೆಯ 405 ಜನರ ಕೆಲಸ ಉಳಿಯಿತು. ಇದನ್ನು ಓದುವಾಗ ನನಗೆ 2012ರ ಅಕ್ಟೋಬರ್ ನೆನಪಾಗುತ್ತದೆ. ತಿಂಗಳುಗಟ್ಟಲೆ ಸಂಬಳ ಕಾಣದ ಸಿಬ್ಬಂದಿಯನ್ನು ಬಿಟ್ಟು ನಿಮ್ಮ ಕಿಂಗ್‌ಫಿಷರ್ ವಿಮಾನಗಳು ನಿಂತದ್ದು ಆ ತಿಂಗಳು. ಅದೇ ತಿಂಗಳ 28ರಂದು ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್‌ನಲ್ಲಿ ನಿಮ್ಮ ಚಾಲಕ ಹುಲ್ಕೆನ್‌ಬರ್ಗ್ ಎಂಟನೆಯವರಾಗಿ ಬಂದು ಪಾಯಿಂಟ್ ಗಳಿಸಿದರು. ವಿಮಾನ ಕಂಪನಿಯ ಸಾಲದ ವಿಷಯದಲ್ಲಿ, ಬ್ಯಾಂಕುಗಳು ಬಾಕಿಗಿಂತ ಹೆಚ್ಚೇ ವಸೂಲಿ ಮಾಡಿವೆ ಎಂಬುದು ನಿಮ್ಮ ವಾದ. 14,131 ಕೋಟಿ ರೂಪಾಯಿ ಬ್ಯಾಂಕುಗಳಿಗೆ ಮರಳಿದೆ ಎಂದು 2024ರ ಡಿಸೆಂಬರ್‌ನಲ್ಲಿ ಹಣಕಾಸು ಸಚಿವೆಯೇ ಲೋಕಸಭೆಯಲ್ಲಿ ಹೇಳಿದ್ದಾರೆ. ಆ ಲೆಕ್ಕ ಕೋರ್ಟಿನಲ್ಲಿ ತೀರಲಿ. ನನ್ನ ತಕರಾರು ಇಷ್ಟೇ: ವಿಮಾನ ಕಂಪನಿಗೂ ಒಬ್ಬ ಪೆರೆಜ್ ಹೊತ್ತಿಗೆ ಮುಂಚೆ ಸಿಗಬೇಕಿತ್ತು.

ಒಂದು ವಿನಂತಿ. ಮುಂದೆ ಯಾರಾದರೂ 2018ರ ಬಗ್ಗೆ ಕೇಳಿದರೆ ಆ 52 ಪಾಯಿಂಟನ್ನು ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ, ಅದು ಗ್ಯಾರೇಜಿನವರ ಸಂಪಾದನೆ. ದಾಖಲೆಯಲ್ಲಿ ಫೋರ್ಸ್ ಇಂಡಿಯಾದ ಕೊನೆಯ ಸೀಸನ್ನಿನ ತಂಡದ ಪಾಯಿಂಟ್ ಸೊನ್ನೆ. ಮೊದಲ ಸೀಸನ್ 2008ರದ್ದೂ ಸೊನ್ನೆಯೇ.

ಇಂತಿ,
ಕುಣಿಗಲ್‌ನ ಒಬ್ಬ ರೇಸ್ ಪ್ರೇಮಿ