ವಾಂತಿ ಒಂದು, ವದಂತಿ ನೂರು

ಹೊಸಪೇಟೆಯಲ್ಲಿ ಹೊಸದಾಗಿ ಮದುವೆಯಾದ ಹೆಣ್ಣಿಗೆ ಕಾಯಿಲೆ ಬೀಳುವ ಸ್ವಾತಂತ್ರ್ಯವಿಲ್ಲ. ಜ್ವರ, ನೆಗಡಿ, ಅಜೀರ್ಣ ಎಲ್ಲ ಉಳಿದವರಿಗೆ. ಅವಳಿಗೆ ಆಗುವುದೆಲ್ಲ ‘ವಿಶೇಷ’. ಏಪ್ರಿಲ್‌ನಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ಮುಟ್ಟಿದಾಗ ಬೀದಿಯ ಎಮ್ಮೆಗೂ ತಲೆ ಸುತ್ತುತ್ತದೆ, ಅದನ್ನು ಯಾರೂ ಅನುಮಾನಿಸುವುದಿಲ್ಲ. ಸೊಸೆಗೆ ಸುತ್ತಿದರೆ ಮಾತ್ರ ಎದುರು ಮನೆಯ ಅಜ್ಜಿ ಕಟ್ಟೆ ಇಳಿದು ಬರುತ್ತಾರೆ. “ತಲಿಮ್ಯಾಲೆ ನೀರು ಹಾಕ್ಕಂಡು ಎಷ್ಟು ದಿನ ಆತವ್ವಾ?” ನೀರು ಕುಡಿದು ಎಷ್ಟು ಹೊತ್ತಾಯಿತು ಎಂದು ಕೇಳಿದ್ದರೆ ಅಲ್ಲೇ ಗುಟ್ಟು ಬಯಲಾಗುತ್ತಿತ್ತು.

ನಾನು ಕಂಪ್ಲಿಯವಳು, ಕೊಟ್ಟದ್ದು ಹೊಸಪೇಟೆಗೆ. ಮದುವೆಯಾದ ಹೊಸತರಲ್ಲಿ ಸಂಡೂರಿನ ನಾದಿನಿಯ ಮನೆಗೆ ಒಬ್ಬಳೇ ಹೊರಟೆ. ಬಸ್ಸು ಹತ್ತುವ ಮುಂಚೆ ಮಂಡಕ್ಕಿ ವಗ್ಗರಣೆ, ಮೇಲೆ ಪುಟಾಣಿ ಹಿಟ್ಟು, ಜೊತೆಗೆ ಬಾಣಲೆಯಿಂದ ಆಗಷ್ಟೇ ಎತ್ತಿದ ಮಿರ್ಚಿ. ತುದಿ ಕಚ್ಚಿದರೆ ಹಬೆ ಹೊಡೆದು ಅಂಗುಳ ಸುಡುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಆದರೂ ಕೈ ಇನ್ನೊಂದಕ್ಕೆ ಹೋಗುತ್ತದೆ. ಹೋಯಿತು. ಮುಂದೆ ಅದಿರಿನ ಲಾರಿ, ಹಿಂದೆ ಅದಿರಿನ ಲಾರಿ, ನಡುವೆ ಕೆಂಪು ಧೂಳು ಕುಡಿಯುತ್ತ ನಮ್ಮ ಬಸ್ಸು. ಘಾಟಿನ ತಿರುವು ಶುರುವಾದದ್ದೇ ತಡ, ಕಿಟಕಿಯಾಚೆ ತಲೆ ಹಾಕಿದೆ.

ಒಬ್ಬರು ಬೆನ್ನು ನೀವಿದರು, ಒಬ್ಬರು ನಿಂಬೆಹಣ್ಣು ಮೂಸಲು ಕೊಟ್ಟರು. ಪಕ್ಕದಲ್ಲಿದ್ದ ಹಿರಿಯರು ಕೇಳಿದರು, “ಎಷ್ಟನೇ ತಿಂಗಳವ್ವಾ?”

“ಇಲ್ಲ ಅಮ್ಮಾ, ಮಿರ್ಚಿ ತಿಂದಿದ್ದೆ.”

“ಹಂಗಾದ್ರೆ ಬಯಕಿನೂ ಶುರು ಆಗೈತೆ” ಎಂದು ಅವರು ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು.

ಕೈಯಲ್ಲಿ ಮೊಬೈಲ್ ಇರದ ಕಾಲ ಅದು. ಆದರೂ ಸಂಜೆಯೊಳಗೆ ಸುದ್ದಿ ಕಂಪ್ಲಿ ತಲುಪಿತ್ತು. ಕುಬಸಕ್ಕೆ ಹಸಿರು ಸೀರೆ ಎಲ್ಲಿ ತೆಗೆಯುವುದೆಂದು ನಮ್ಮವ್ವ ಅಕ್ಕಪಕ್ಕದವರ ಸಲಹೆ ಕೇಳುತ್ತಿದ್ದಳಂತೆ. ಸಂಡೂರಿನಲ್ಲೇ ಬೆಟ್ಟದ ಮೇಲೆ ಕುಮಾರಸ್ವಾಮಿ ಇದ್ದಾನೆ. ತಾಯಿ ಪಾರ್ವತಿಯ ಮೇಲೆ ಮುನಿದು, ಕುಡಿದ ಎದೆಹಾಲನ್ನೆಲ್ಲ ಕಕ್ಕಿಬಿಟ್ಟನೆಂದೂ, ಅಲ್ಲಿ ಸಿಗುವ ಬಿಳಿ ವಿಭೂತಿ ಅದೇ ಎಂದೂ ಐತಿಹ್ಯ. ದೇವರ ವಾಂತಿ ಪ್ರಸಾದವಾಯಿತು, ಅವನನ್ನು ಯಾರೂ ತಿಂಗಳು ಕೇಳಲಿಲ್ಲ.

ಅಜ್ಜಿಯರದ್ದೇ ಪೂರ್ತಿ ತಪ್ಪು ಅನ್ನುವ ಹಾಗೂ ಇಲ್ಲ. ಮುಟ್ಟಿಗೆ ಸುಮಾರು ಎರಡು ವಾರ ಮುಂಚೆ, ಅಂಡ ಬಿಡುಗಡೆಯಾದ ಮೇಲೆ, ಮೈಯಲ್ಲಿ ಪ್ರೊಜೆಸ್ಟರಾನ್ ಏರುತ್ತದೆ. ಎದೆ ಭಾರ, ಹೊಟ್ಟೆ ಉಬ್ಬರ, ಹಗಲಲ್ಲೇ ತೂಕಡಿಕೆ, ಸುಮ್ಮನೆ ಸಿಟ್ಟು, ಇವಕ್ಕೆಲ್ಲ ಅದರ ಕೈವಾಡ ಉಂಟು. ಗರ್ಭ ನಿಂತರೆ ಅದು ಏರಿಯೇ ಇರುತ್ತದೆ, ನಿಲ್ಲದಿದ್ದರೆ ಇಳಿದು ಮುಟ್ಟಾಗುತ್ತದೆ. ಎದುರುಬದುರಿನ ಎರಡು ಮನೆಗೂ ಒಬ್ಬನೇ ಅಡುಗೆ ಭಟ್ಟ ಬಂದ ಹಾಗೆ: ಬರೀ ಘಮ ಹಿಡಿದು ಮದುವೆ ಯಾರ ಮನೆಯದ್ದೆಂದು ಹೇಳಲಾಗದು. ಇನ್ನು ಬಸುರಿನ ವಾಕರಿಕೆ ಸಾಮಾನ್ಯವಾಗಿ ಶುರುವಾಗುವುದೇ ಮುಟ್ಟು ತಪ್ಪಿದ ಮೇಲೆ. ನನಗೆ ಆ ತಿಂಗಳ ಗಡುವು ಇನ್ನೂ ಬಂದೇ ಇರಲಿಲ್ಲ, ಆದರೆ ಬಸ್ಸಿನಲ್ಲಿ ಲೆಕ್ಕ ಕೇಳುವ ತಾಳ್ಮೆ ಯಾರಿಗಿತ್ತು?

ರಾಜಮನೆತನಗಳಿಗೂ ಇದು ತಪ್ಪಿದ್ದಲ್ಲ. 1555ರಲ್ಲಿ, ನಮ್ಮ ಹಂಪಿಯಲ್ಲಿ ಅಳಿಯ ರಾಮರಾಯ ದರ್ಬಾರು ನಡೆಸುತ್ತಿದ್ದಾಗ, ಇಂಗ್ಲೆಂಡಿನ ರಾಣಿ ಮೇರಿ ಬಾಣಂತಿಕೋಣೆ ಸೇರಿ ಕೂತಿದ್ದಳು. ಹೊಟ್ಟೆ ಬಂದಿತ್ತು. ಗಂಡು ಹುಟ್ಟಿತೆಂಬ ಗಾಳಿಸುದ್ದಿಗೆ ಏಪ್ರಿಲ್ ಕೊನೆಗೆ ಲಂಡನ್ನಿನಲ್ಲಿ ಗಂಟೆಗಳನ್ನೂ ಬಾರಿಸಿಬಿಟ್ಟರು. ಮಳೆಗಾಲ ಬಂದರೂ ಮಗು ಬರಲಿಲ್ಲ. ಗರ್ಭವೇ ಇರಲಿಲ್ಲ. ವೈದ್ಯರಿಗೆ ಬಾಯಿಬಿಟ್ಟು ಹೇಳುವ ಧೈರ್ಯ ಬರಲಿಲ್ಲವೋ ಏನೋ, ಪಾಪ. ನನ್ನ ಪಾಲಿಗೆ ಗಂಟೆ ಬಾರಿಸಿದ್ದು ಬಸ್ಸಿನ ಕಂಡಕ್ಟರ್ ಒಬ್ಬರೇ.

ಈಗಾದರೆ ಆಶಾ ಕಾರ್ಯಕರ್ತೆಯರ ಚೀಲದಲ್ಲೇ ‘ನಿಶ್ಚಯ್’ ಕಿಟ್ ಇರುತ್ತದೆ. ಗರ್ಭ ಕಟ್ಟಿದ ಮೇಲೆ ಏರುವ ಎಚ್‌ಸಿಜಿ ಎಂಬ ಹಾರ್ಮೋನು ಮೂತ್ರದಲ್ಲಿ ಸಿಕ್ಕರೆ ಎರಡು ಗೆರೆ, ಇಲ್ಲದಿದ್ದರೆ ಒಂದೇ. ಅದಕ್ಕೆ ಮಿರ್ಚಿಯ ಹಂಗಿಲ್ಲ. ಆಗ ಅಂಥದ್ದೇ ಒಂದು ಕಿಟ್ ತರಿಸಿ ನೋಡಿದರೆ ನನಗೆ ಒಂದೇ ಗೆರೆ ಬಂತು. ನಮ್ಮತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಒರೆಸಿ, ಎರಡನೆಯದನ್ನು ಬಹಳ ಹೊತ್ತು ಹುಡುಕಿದರು.

ಆದರೂ ಸುಸ್ತು ಬಿಡಲಿಲ್ಲ. ಡಾಕ್ಟರಮ್ಮ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, “ಅಕ್ಕಿ ತಿಂತೀಯಾ?” ಅಂದರು. ತಿನ್ನುತ್ತಿದ್ದೆ. ಕಂಪ್ಲಿಯ ಭತ್ತದ ನಡುವೆ ಬೆಳೆದವಳು ನಾನು, ಹಸಿ ಅಕ್ಕಿ ಕಟಕಟ ಅಗಿಯುವುದು ಚಿಕ್ಕಂದಿನ ಚಟ. ಮದುವೆ ದಿನ ಮಳೆ ಬರುತ್ತದೆಂದು ಅವ್ವ ಹೆದರಿಸಿದ್ದು ಬಿಟ್ಟರೆ ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಮದುವೆಯಾದ ಮೇಲೆ ಎಲ್ಲರೂ ಬಯಕೆ ಎಂದರು. ಅಕ್ಕಿ, ಮಣ್ಣು, ಬಳಪದ ಮೇಲಿನ ಆಸೆ ರಕ್ತಹೀನತೆಯ ಗುರುತೂ ಆಗಿರುತ್ತದೆ. ಹಿಮೋಗ್ಲೋಬಿನ್ 12 ಇರಬೇಕಾದಲ್ಲಿ ನನಗೆ 8. ದೇಶಕ್ಕೆಲ್ಲ ಕಬ್ಬಿಣದ ಅದಿರು ಕಳಿಸುವ ಸಂಡೂರಿನ ಬೆಟ್ಟ ನಮ್ಮ ಬೆನ್ನಿಗೇ ಇದೆ, ಮೈಯೆಲ್ಲ ಅದರ ಧೂಳು, ರಕ್ತದೊಳಗೆ ಮಾತ್ರ ಇಲ್ಲ! ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಯ ಕಥೆ ಇದು. ತಿಂಗಳು ಏರುಪೇರಾದರೆ ಥೈರಾಯ್ಡ್, ಪಿಸಿಓಡಿ ಎಂದು ನೋಡಬೇಕಾದದ್ದು ಇನ್ನೂ ಎಷ್ಟೋ ಇದೆ. ಮೊದಲು ಕುಬಸದ ಸೀರೆ ಗಂಟು ಕಟ್ಟಿಟ್ಟರೆ ತಾನೆ ಯಾರಾದರೂ ಕೇಳುವುದು.

ಕಬ್ಬಿಣದ ಮಾತ್ರೆ ಕೊಟ್ಟರು. ಚಹಾದ ಜೊತೆ ಬೇಡ, ನಿಂಬೆಹಣ್ಣಿನ ಶರಬತ್ತಿನ ಜೊತೆ ತಗೋ, ಮೈಗೆ ಚೆನ್ನಾಗಿ ಹತ್ತುತ್ತದೆ ಎಂದರು. ಆ ಮಾತ್ರೆಯ ಗುಣವೇನೆಂದರೆ ಹೊಟ್ಟೆ ತೊಳಸುತ್ತದೆ, ಉಬ್ಬರಿಸುತ್ತದೆ. ಬೆಳಿಗ್ಗೆ ಎದ್ದು ಓಕರಿಸುವುದು, ಆಮೇಲೆ ನಿಂಬೆಹಣ್ಣು ಹಿಂಡಿಕೊಂಡು ಕುಡಿಯುವುದು. ಎದುರು ಮನೆಯ ಅಜ್ಜಿಗೆ ಇನ್ನೇನು ಸಾಕ್ಷಿ ಬೇಕು?

ಈಗ ನನಗೆ 46. ಮತ್ತೆ ತಿಂಗಳು ತಪ್ಪುತ್ತಿದೆ, ಮೈ ಬಿಸಿ, ನಿದ್ದೆ ಇಲ್ಲ, ಸುಸ್ತು. ಮುಟ್ಟು ನಿಲ್ಲುವ ಕಾಲವೇ ಇರಬೇಕು. ಆದರೆ ಒಂದು ಪೂರ್ತಿ ವರ್ಷ ಮುಟ್ಟಾಗದೆ ಕಳೆಯುವವರೆಗೆ ಯಾವುದನ್ನೂ ಖಾತ್ರಿ ಎನ್ನಬಾರದು, ಮೊದಲು ಕಿಟ್ ಹಾಕಿ ನೋಡಿ ಎಂದರು ಡಾಕ್ಟರು. ಔಷಧಿ ಅಂಗಡಿಗೆ ಹೋಗಿ ದನಿ ತಗ್ಗಿಸಿ ಕೇಳಿದೆ. ಹುಡುಗ ಕಾಗದದಲ್ಲಿ ಸುತ್ತಿ ಕೊಡುತ್ತ ನಕ್ಕ, “ಸೊಸೀಗೇನ್ರಿ ಆಂಟಿ?”

“ಹೂನಪ್ಪಾ” ಅಂದೆ. ಮಗ ಇನ್ನೂ ಪಿಯುಸಿಯ ಗಣಿತ ಪಾಸು ಮಾಡಿಕೊಳ್ಳಬೇಕು.