ಚೌತಿ ಮುಗಿದ ಮೇಲೆ ಬಂದ ರವಿಕೆ

ಅಂಕೋಲೆಯಿಂದ ಕಾರವಾರದ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ನನಗೆ ಮಳೆಗಾಲದಲ್ಲಿ ಸಂಬಳದಷ್ಟೇ ನೆಗಡಿಯೂ ಖಾಯಂ. ಇರಚಲು ಹೊಡೆಯುತ್ತದೆಂದು ಕಿಟಕಿಯೆಲ್ಲ ಮುಚ್ಚಿದ್ದರು. ಅವರ್ಸಾದಲ್ಲಿ ಹತ್ತಿದವರೊಬ್ಬರು ಅಮದಳ್ಳಿ ದಾಟುವಷ್ಟರಲ್ಲಿ ಹನ್ನೊಂದು ಸಲ ಸೀನಿದರು. ಎಣಿಸಿದ್ದು ನಾನೇ, ಮಾಡಲು ಬೇರೆ ಕೆಲಸವಿರಲಿಲ್ಲ. ಮೂರನೆಯ ದಿನ ನನ್ನ ಮೂಗು ಆಷಾಢದ ಕಾಳಿ ನದಿ.

ಅದೇ ವಾರ ಚೌತಿಗೆಂದು ರವಿಕೆ ಹೊಲಿಯಲು ಕೊಟ್ಟಿದ್ದೆ. ಮೈಯೊಳಗೂ ಒಬ್ಬ ದರ್ಜಿ ಇದ್ದಾನೆಂದು ಹೊಳೆದದ್ದು ಹಾಸಿಗೆ ಹಿಡಿದಾಗ. ಅವನದು ವಿಚಿತ್ರ ಪದ್ಧತಿ. ಗಿರಾಕಿ ಬರುವ ಮೊದಲೇ ರೋಗ ತಡೆಯುವ ಕೋಟಿಗಟ್ಟಲೆ ಬಿ ಕೋಶಗಳು ಒಂದೊಂದು ಅಳತೆಯ ಮಾದರಿ ಹಿಡಿದು ಕಾದಿರುತ್ತವೆ. ಬಂದ ವೈರಸ್ಸಿಗೆ ಯಾವುದು ಹೊಂದುತ್ತದೋ ಅದಕ್ಕೇ ಆರ್ಡರು. ಅದೊಂದೇ ಮರಿಹಾಕಿ ಸಾವಿರವಾಗುತ್ತದೆ. ಆಸ್ಟ್ರೇಲಿಯಾದ ವಿಜ್ಞಾನಿ ಬರ್ನೆಟ್ 1957ರಲ್ಲೇ ಇದನ್ನು ಊಹಿಸಿದ್ದ. ಆಮೇಲೆ ಆಲ್ಟ್ರೇಷನ್ನು: ಮರಿಗಳಲ್ಲಿ ಚೂರುಚೂರು ಬದಲಾವಣೆ, ಬಿಗಿಯಾಗಿ ಕೂತದ್ದಕ್ಕೆ ಮಾತ್ರ ಉಳಿವು. ಅಂಗಡಿ ಇರುವುದು ದವಡೆಯ ಕೆಳಗೆ, ಮುಟ್ಟಿದರೆ ನೋಯುವ ಆ ಗಂಟುಗಳಲ್ಲಿ.

ಕೈ ಓಡತೊಡಗಿದರೆ ಆ ಮರಿಗಳಿಂದಾದ ಒಂದೊಂದು ಪ್ಲಾಸ್ಮಾ ಕೋಶ ಸೆಕೆಂಡಿಗೆ ಸಾವಿರಾರು ಪ್ರತಿಕಾಯ ಹೊರಹಾಕುತ್ತದಂತೆ. ತಡವಾಗುವುದು ಓಡತೊಡಗುವುದಕ್ಕೇ. ಅವಸರದ ಮಾಲು ಐಜಿಎಂ ಪ್ರತಿಕಾಯ ಬರಲು ಐದಾರು ದಿನ. ಗಟ್ಟಿ ಹೊಲಿಗೆಯ ಐಜಿಜಿ ಸಾಕಷ್ಟಾಗುವಾಗ ಸುಮಾರು ಎರಡು ವಾರ. ಅಷ್ಟರೊಳಗೆ ನೆಗಡಿ ಗಂಟುಮೂಟೆ ಕಟ್ಟಿರುತ್ತದೆ! ಅಲ್ಲಿಯತನಕ ಹೊಸ್ತಿಲು ಕಾಯುವವರು ಜ್ವರ, ಸಿಂಬಳ, ಇಂಟರ್‌ಫೆರಾನು. ನಾವು ಬಯ್ಯುವುದೂ ಅವರನ್ನೇ.

ಹೆಸರು ಹೊಡೆದುಕೊಂಡದ್ದು ಮಾತ್ರ ಅತ್ತೆಯ ಕಾಳುಮೆಣಸಿನ ಕಷಾಯ. ಎಂಟನೆಯ ದಿನ ಕುಡಿಸಿದರು, ಒಂಬತ್ತನೆಯ ದಿನ ಮೂಗು ಬಿಟ್ಟಿತು.

“ಅತ್ತೆ, ಇದರಲ್ಲಿ ಪ್ರತಿಕಾಯದ್ದೂ ಪಾಲಿದೆ,” ಎಂದೆ.

“ಪ್ರತಿಕಾಯವೋ ಕಷಾಯವೋ, ಲೋಟ ತೊಳೆದಿಡು.”

ರವಿಕೆ ಕೈಸೇರಿದ್ದು ಗಣಪತಿ ಮುಳುಗಿದ ಮೂರನೆಯ ದಿನ. ಜಗಳಕ್ಕೆ ಹೋದರೆ ದರ್ಜಿ ಪುಸ್ತಕ ಬಿಡಿಸಿ ತೋರಿಸಿದ: “ಅಳತೆ ಬರೆದಿಟ್ಟಿದ್ದೇನೆ ಅಕ್ಕೋರೇ, ಮುಂದಿನ ಸಲ ಎರಡೇ ದಿನ.”

ನೆನಪಿನ ಬಿ ಕೋಶಗಳೂ ಇದನ್ನೇ ಹೇಳುತ್ತವೆ. ದರ್ಜಿಯ ಹಾಗಲ್ಲ, ಮಾತು ಉಳಿಸಿಕೊಳ್ಳುತ್ತವೆ ಕೂಡ. ಬಂದ ಗಿರಾಕಿ ಹಳಬನೇ ಆಗಿರಬೇಕು, ಅಷ್ಟೆ. ನೆಗಡಿ ತರುವ ರೈನೋವೈರಸ್ಸುಗಳಲ್ಲೇ 160ಕ್ಕೂ ಹೆಚ್ಚು ಬಗೆ. ಒಬ್ಬನ ಅಂಗಿ ಇನ್ನೊಬ್ಬನಿಗೆ ಸಾಮಾನ್ಯವಾಗಿ ಕೂರುವುದಿಲ್ಲ.

ಸೋಮವಾರ ಹೊಸ ರವಿಕೆ ತೊಟ್ಟು ಬಸ್ಸು ಹತ್ತಿದೆ. ಹಾರವಾಡದಲ್ಲಿ ಹತ್ತಿ ಪಕ್ಕದಲ್ಲಿ ಕೂತವರು ಕಿಟಕಿ ಎಳೆದು, ಕರವಸ್ತ್ರಕ್ಕಾಗಿ ಜೇಬು ತಡಕಾಡತೊಡಗಿದರು.